ಪರದೇಶದಿಂದ ಊರಿಗೆ

ಗಂಗಮ್ಮ ಕೇಳಿದಳು: “ಅಕ್ಕಾರ, ಗುಳೆ ಹೋದಲ್ಲಿ ಗಲಾಟೆ ಆದ್ರ ಕುಷ್ಟಗಿ ಬಸ್ ಹತ್ತಿ ಬರ್ತೀವಿ. ಪರದೇಶದಾಗ ಆದ್ರ ಹೆಂಗ್ರಿ?”

ಅಕ್ಕ ಹೇಳಿದರು:

ಶಿವಮೊಗ್ಗ, ದಾವಣಗೆರೆ ಕಡೆಯ ಕೆಲವು ಹಕ್ಕಿಪಿಕ್ಕಿ ಜನ ಸುಡಾನ್ ದೇಶಕ್ಕೆ ಹೋಗಿದ್ದರು. ಅಲ್ಲಿ ಗಿಡಮೂಲಿಕೆ ಔಷಧಿ ಮಾರುತ್ತಿದ್ದರು. 2023ರ ಏಪ್ರಿಲ್ 15ರಂದು ಅಲ್ಲಿ ಒಳಯುದ್ಧ ಶುರುವಾಯಿತು. ಹೊರಗೆ ಗುಂಡು. ಒಳಗೆ ಅನ್ನ, ನೀರಿಲ್ಲ.

ಪರದೇಶದಲ್ಲಿ ನಮ್ಮ ಸರಕಾರದ ಕಚೇರಿ ಇರುತ್ತದೆ. ಅದೇ ರಾಯಭಾರ ಕಚೇರಿ. ನಮ್ಮ ಸರಕಾರ ಸೌದಿ ಅರೇಬಿಯಾದ ಜೊತೆ ಮಾತಾಡಿತು. ಅವರು ದಾರಿ ಕೊಟ್ಟರು. ನಮ್ಮ ಜನ ಬಸ್ಸಿನಲ್ಲಿ ಬಂದರಿಗೆ ಬಂದರು. ಹಡಗು, ವಿಮಾನ ಹತ್ತಿದರು. 3,800ಕ್ಕೂ ಹೆಚ್ಚು ಭಾರತೀಯರು ಪಾರಾದರು. ಈ ಕೆಲಸಕ್ಕೆ ‘ಆಪರೇಷನ್ ಕಾವೇರಿ’ ಎಂದು ಹೆಸರು.

ಮನೆಯವರು ಪರದೇಶಕ್ಕೆ ಹೊರಟರೆ ಬುತ್ತಿ ಕಟ್ಟಿರಿ. ಜೊತೆಗೆ ರಾಯಭಾರ ಕಚೇರಿಯ ಫೋನ್ ನಂಬರ್ ಬರೆದು ಕೊಡಿರಿ.

ಗಂಗಮ್ಮ ನಕ್ಕಳು: “ಈಗ ನಮಗ ಬರಿಯಾಕ ಬರ್ತೈತಲ್ರಿ!”