ಆಡಿದೆ, ಆಡುತ್ತಿದ್ದೆ, ಆಟ ಬಿಟ್ಟೆ

ಮಕ್ಕಳೇ, ಪಾಠ ಶುರುಮಾಡುವ ಮೊದಲು ನಿಮ್ಮ ಕೋಣೆಯ ಕಪಾಟನ್ನು ಒಮ್ಮೆ ತೆಗೆದು ನೋಡಿ. ಧೂಳು ಹಿಡಿದ ಲೆಗೋ ಡಬ್ಬ, ರಬ್ಬರ್ ಬ್ಯಾಂಡ್ ಹಾಕಿಟ್ಟ ಪೋಕೆಮಾನ್ ಕಾರ್ಡುಗಳು, ತೋಳು ಬಿಗಿಯಾದ ಹ್ಯಾಲೊವೀನ್ ವೇಷ, ಏನಾದರೊಂದು ಸಿಗುತ್ತದೆ. ಅದರ ಬಗ್ಗೆ ಒಂದು ವಾಕ್ಯ ಹೇಳಿ ಅಂದರೆ ತರಗತಿಯಲ್ಲಿ ಹೆಚ್ಚಾಗಿ ಬರುವ ಉತ್ತರ, “ನಾನು ಲೆಗೋ ಆಡಿದೆ.”

ವಾಕ್ಯ ಸರಿಯಾಗಿಯೇ ಇದೆ. ಆದರೆ ಕೇಳಿದವರು “ಯಾವಾಗ, ನಿನ್ನೆಯಾ?” ಅಂತಾರೆ. ‘ಆಡಿದೆ’ ಅಂದರೆ ಒಂದು ಸಲ ಆಡಿ ಮುಗಿಸಿದ್ದು. ದಿನಾ ಆಡುವ ರೂಢಿಯಿತ್ತು, ಈಗ ಇಲ್ಲ ಅನ್ನಬೇಕಾದರೆ ‘ಆಡುತ್ತಿದ್ದೆ’ ಬೇಕು. ಇಂಗ್ಲಿಷಿನಲ್ಲಿ ‘ಯೂಸ್ಡ್ ಟು’ ಅಂತ ಬೇರೆ ಮಾತು ಸೇರಿಸುತ್ತೀರಲ್ಲ, ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲೇ ಇದೆ. ಬರೆಯುವಾಗ ಆಡುತ್ತಿದ್ದೆ, ಆಡುತ್ತಿದ್ದೆವು, ಆಡುತ್ತಿದ್ದರು. ಮಾತಾಡುವಾಗ ಆಡ್ತಿದ್ದೆ, ಆಡ್ತಿದ್ವಿ, ಆಡ್ತಿದ್ರು. ಎರಡೂ ಸರಿ, ಜಾಗ ಬೇರೆ ಅಷ್ಟೆ.

ಇಲ್ಲೊಂದು ತೊಡಕಿದೆ. “ಅಮ್ಮ ಕರೆದಾಗ ನಾನು ಆಡುತ್ತಿದ್ದೆ” ಅಂದರೆ ಆ ಹೊತ್ತಿನಲ್ಲಿ ಆಟ ನಡೆದಿತ್ತು. “ಚಿಕ್ಕವನಿದ್ದಾಗ ದಿನಾ ಆಡುತ್ತಿದ್ದೆ” ಅಂದರೆ ಅದು ರೂಢಿ. ರೂಪ ಒಂದೇ, ಅರ್ಥ ಎರಡು. ದಿನಾ, ಆಗೆಲ್ಲಾ, ರಜೆ ಬಂದರೆ, ಚಿಕ್ಕವಳಿದ್ದಾಗ ಮುಂತಾದ ಮಾತು ಜೊತೆಗಿದ್ದರೆ ಗೊಂದಲವಿಲ್ಲ.

ಇನ್ನು ಆಟ ನಿಂತದ್ದನ್ನು ಹೇಳುವುದು. ಇದಕ್ಕೆ ಕನ್ನಡದಲ್ಲಿ ‘ಬಿಡು’ ಅನ್ನುವ ಒಂದೇ ಪದ ಸಾಕು, ಆದರೆ ಅದನ್ನು ಮೂರು ರೀತಿ ತಿರುಗಿಸಬಹುದು. ನನಗೆ ಈ ಪಾಠದಲ್ಲಿ ಬಹಳ ಇಷ್ಟವಾದ ಭಾಗ ಇದೇ.

“ಕಾರ್ಡು ಸೇರಿಸೋದು ಬಿಟ್ಟೆ.” ಇಲ್ಲಿ ತೀರ್ಮಾನ ನಿಮ್ಮದೇ. ಸಾಕು ಅನ್ನಿಸಿತು, ಬಿಟ್ಟಿರಿ.

“ಟ್ರಿಕ್ ಆರ್ ಟ್ರೀಟ್‌ಗೆ ಹೋಗೋದು ಬಿಟ್ಟುಹೋಯಿತು.” ಇಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ. ಒಂದು ವರ್ಷ ಮಳೆ, ಮರುವರ್ಷ ಪರೀಕ್ಷೆ, ಅದರ ಮುಂದಿನ ವರ್ಷ ಯಾರಿಗೂ ನೆನಪೇ ಆಗಲಿಲ್ಲ. ದೊಡ್ಡ ತರಗತಿಗೆ ಬಂದ ಮೇಲೆ ಕನ್ನಡ ಶಾಲೆಯೂ ಕೆಲವರಿಗೆ ಹೀಗೇ ಬಿಟ್ಟುಹೋಗುತ್ತದೆ. ಕೇಳಿದರೆ “ಬಿಟ್ಟೆ” ಅಂತ ಯಾರೂ ಹೇಳುವುದಿಲ್ಲ, ಗಮನಿಸಿದ್ದೀರಾ?

ಮೂರನೆಯದು ‘ಬಿಡಿಸಿದರು’. ಮಾಡು–ಮಾಡಿಸು, ಓದು–ಓದಿಸು ಇದ್ದ ಹಾಗೆ ಬಿಡು–ಬಿಡಿಸು. ಬೇರೆಯವರು ಬಿಡುವಂತೆ ಮಾಡಿದರು ಅಂತ ಅರ್ಥ. (ಚಿತ್ರ ಬಿಡಿಸುವುದು, ಬಟಾಣಿ ಬಿಡಿಸುವುದು ಬೇರೆ ಸಂಗತಿ!) ನಿಮ್ಮ ಬಾಯಲ್ಲಿ ಈ ರೂಪ ಅಷ್ಟಾಗಿ ಬರಲಿಕ್ಕಿಲ್ಲ. ಅಜ್ಜಿಯ ಬಾಯಲ್ಲಿ ಬರಬಹುದು.

ನಿಮ್ಮ ಅಜ್ಜಿಯಂದಿರಲ್ಲಿ ಬಹಳ ಜನ 1950–60ರ ದಶಕಗಳಲ್ಲಿ ಮಕ್ಕಳಾಗಿದ್ದವರು. ಹೆಂಚಿನ ಚೂರನ್ನೇ ಬಿಲ್ಲೆ ಮಾಡಿಕೊಂಡು ಕುಂಟೆಬಿಲ್ಲೆ, ಏಳು ಕಲ್ಲು ಪೇರಿಸಿ ಲಗೋರಿ. ಮನೆಯೊಳಗೆ ನಾಲ್ಕು ಕವಡೆ ಹಾಕಿ ಚೌಕಾಬಾರ: ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಅದು ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅದು ಬಾರ. ಹದಿನಾಲ್ಕು ಗುಳಿಯ ಅಳಗುಳಿಮಣೆಗೆ ಮಂಗಳೂರು, ಉಡುಪಿ ಕಡೆಯವರ ಮನೆಯಲ್ಲಿ ಚೆನ್ನೆಮಣೆ ಅಂತಾರೆ. ಚೌಕಾಬಾರ, ಅಳಗುಳಿಮಣೆ ವಯಸ್ಸಾದ ಮೇಲೂ ಉಳಿದವು. ಬೀದಿಯ ಆಟಗಳು ಮಾತ್ರ ಎಷ್ಟೋ ಹುಡುಗಿಯರಿಗೆ ಹನ್ನೆರಡು ಹದಿಮೂರಕ್ಕೇ ನಿಂತವು. “ದೊಡ್ಡವಳಾದೆ, ಇನ್ನು ಬೀದಿಯಲ್ಲಿ ಕುಣಿಯೋದು ಸಾಕು” ಅಂತ ಮನೆಯವರೇ ಬಿಡಿಸಿದರು. ಹುಡುಗರಲ್ಲೂ ಕೆಲವರಿಗೆ ಹೊಲದ ಕೆಲಸ ಬಂತು, ಅಂಗಡಿಯ ಕೆಲಸ ಬಂತು. ವಯಸ್ಸಿಗೆ ತಕ್ಕಂತೆ ಆಟ ತಾನಾಗಿ ಸಾಕಾಗುವುದು ಬೇರೆ, ಇನ್ನೂ ಆಸೆ ಇರುವಾಗ ಬಿಡುವುದು ಬೇರೆ. ಅಜ್ಜಿ ಇದನ್ನು ಬಿಡಿಸಿ ಹೇಳದೆ ಇರಬಹುದು. ಕ್ರಿಯಾಪದದ ಬಾಲ ಹೇಳಿಬಿಡುತ್ತದೆ, ಕಿವಿಗೊಟ್ಟು ಕೇಳಿ.

ಮನೆಗೆಲಸ

1. ಈ ವಾರ ಅಜ್ಜಿಗೋ ತಾತನಿಗೋ ಫೋನ್ ಮಾಡಿ. “ನೀವು ಚಿಕ್ಕವರಿದ್ದಾಗ ಏನೇನು ಆಡ್ತಿದ್ರಿ?” ಅಂತ ಕೇಳಿ. ನಿಮ್ಮ ಮನೆಯಲ್ಲಿ ಅಜ್ಜಿಗೆ ‘ನೀನು’ ಅನ್ನುವ ರೂಢಿಯಿದ್ದರೆ “ನೀನು ಚಿಕ್ಕವಳಿದ್ದಾಗ ಏನೇನು ಆಡ್ತಿದ್ದೆ?” ಆಮೇಲೆ, “ಯಾವಾಗ ನಿಂತುಹೋಯ್ತು?” ಅಪ್ಪ ಅಮ್ಮಂದಿರೇ, ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸಿ ಹೇಳಬೇಡಿ. ಅರ್ಥವಾಗದಿದ್ದರೆ ಮಗು ಇನ್ನೊಮ್ಮೆ ಕೇಳಲಿ, ಅಜ್ಜಿಗೆ ಬೇಸರವಿಲ್ಲ.

2. ಅವರು ಹೇಳಿದ್ದು ಬಿಟ್ಟೆನೋ, ಬಿಟ್ಟುಹೋಯ್ತೋ, ಬಿಡಿಸಿದ್ರೋ? ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳಿ. ಕೆಳಗೆ ಅದನ್ನೇ ಬರಹದ ಕನ್ನಡದಲ್ಲಿ ಬರೆಯಿರಿ.

3. ನಿಮ್ಮ ಕಪಾಟಿನಲ್ಲಿ ಸಿಕ್ಕ ಮೂರು ವಸ್ತುಗಳಿಗೆ ಮೂರು ವಾಕ್ಯ. ಒಂದೊಂದಕ್ಕೂ ‘ಬಿಡು’ವಿನ ಬೇರೆ ಬೇರೆ ರೂಪ ಬರಲಿ. ಮೂರನೆಯ ರೂಪಕ್ಕೆ ವಸ್ತು ಸಿಗದಿದ್ದರೆ ಅಮ್ಮನನ್ನು ಕೇಳಿ, ಅವರಿಗೆ ನೆನಪಿರುತ್ತದೆ.