ಹಗೇವಿನ ಬಾಯಿ ತೆರೆದವರು ಯಾರು?

ಅಪ್ಪ ತೀರಿಕೊಂಡ ಮೇಲೆ ಸಾಲಹಳ್ಳಿಯ ಓದುಗರೊಬ್ಬರು ಹಗೇವು, ಅಂದರೆ ನೆಲದಡಿಯ ಕಾಳಿನ ಕಣಜ, ತೆರೆದವರು ಯಾರೆಂದು ಹುಡುಕುವ ಪತ್ತೇದಾರಿ ಕಾದಂಬರಿಗೆ ಕೈಹಾಕಿದ್ದಾರೆ. ಮೂರನೇ ಅಧ್ಯಾಯಕ್ಕೇ ಅಳು ಬಂದು ಪೆನ್ನು ನಿಂತಿದೆ. ಮುಂದುವರಿಸಬೇಕೇ ಎಂಬುದು ಅವರ ಪ್ರಶ್ನೆ.

ಬರೆಯಲಿ, ಆದರೆ ಎರಡು ನೋಟ್‌ಬುಕ್ಕಿನಲ್ಲಿ.

ಒಂದು ಯಾರಿಗೂ ತೋರಿಸದ್ದು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಸಂಕಟ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಘಟನೆ, ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ.

ಇನ್ನೊಂದು ಕಾದಂಬರಿಯದು. ನೂರಾರು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರನ್ನು ಓದಿದವರಿಗೆ ಗೊತ್ತು, ಇಲ್ಲಿ ಸುಳಿವಿನ ಲೆಕ್ಕ ತಪ್ಪುವಂತಿಲ್ಲ. ಹಗೇವಿನ ಬಾಯಿಗೆ ಮೆತ್ತಿದ ಹಸಿ ಮಣ್ಣು ಎರಡನೇ ಪುಟದಲ್ಲೇ ಕಾಣಲಿ, ಜೋಳದ ಧಾರಣೆಯ ಮಾತಿನ ನಡುವೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ ಮಾತ್ರ ನೋಟ್‌ಬುಕ್ಕು ಸಾಲದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆಮಾಡಲಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿಬರಲಿ.