ಕುಳಿತು ಲೆಕ್ಕ ಹಾಕೋಣ: ಕ್ಯಾನ್ಸರ್ ತಪಾಸಣೆ ಕುರಿತು ಒಂದು ಅಧ್ಯಯನ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ನೆನಪಿಸುತ್ತಾರೆ. ಆ ಮಾತು ಶಿಷ್ಯತ್ವದ ಬಗ್ಗೆ ಆಡಿದ್ದು, ಆಸ್ಪತ್ರೆಯ ಬಗ್ಗೆ ಅಲ್ಲ. ಆದರೂ ಈ ತಿಂಗಳ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ. ಕಾರಣವಿದೆ. ಕಳೆದ ಸಲ ದೇವಾಲಯದ ಆವರಣದಲ್ಲಿ ತಪಾಸಣಾ ಶಿಬಿರ ನಡೆದಾಗ ಒಪ್ಪಿಗೆಯ ಕಾಗದ ಮರಾಠಿಯಲ್ಲಿತ್ತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಎಂದು ಬದುಕಿದ ನಮ್ಮ ತಾಯಂದಿರಲ್ಲಿ ಹಲವರು ಅದರಲ್ಲಿ ಏನಿದೆ ಎಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಿದರು. ಒಬ್ಬಾಕೆಗೆ ವರದಿ 'ಪಾಸಿಟಿವ್' ಎಂದು ಬಂತು. ಅದನ್ನು ಕ್ಯಾನ್ಸರ್ ಎಂದೇ ತಿಳಿದು ಆಕೆ ವಾರಗಟ್ಟಲೆ ಯಾರಿಗೂ ಹೇಳದೆ ಒಳಗೊಳಗೇ ಬೆಂದರು, ಮುಂದಿನ ಪರೀಕ್ಷೆಗೂ ಹೋಗಲಿಲ್ಲ. ತಪ್ಪು ಆಕೆಯದಲ್ಲ. ಮನೆಮನೆಗೆ ಹೋಗಿ ಹೆಸರು ಬರೆಸಿಕೊಂಡ ನಾವೇ ಬಿಡಿಸಿ ಹೇಳಿರಲಿಲ್ಲ.

ಮೊದಲು ಒಂದು ಮಾತು. ತಪಾಸಣೆ ಎಂದರೆ ಯಾವ ತೊಂದರೆಯೂ ಇಲ್ಲದವರನ್ನು ಪರೀಕ್ಷಿಸುವುದು. ಎದೆಯಲ್ಲಿ ಗಂಟು, ವಾಸಿಯಾಗದ ಬಾಯಿಹುಣ್ಣು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇದ್ದವರು ಶಿಬಿರಕ್ಕಾಗಿ ಕಾಯಬಾರದು. ನಾಳೆಯೇ ವೈದ್ಯರಲ್ಲಿಗೆ ಹೋಗಬೇಕು. ಕೆಳಗಿನ ಲೆಕ್ಕ ಅವರಿಗಲ್ಲ.

ಈ ಲೆಕ್ಕದ ಒಂದು ದೊಡ್ಡ ಭಾಗ ಸಿದ್ಧವಾದದ್ದು ನಮ್ಮ ಪಕ್ಕದಲ್ಲೇ. 1999ರಲ್ಲಿ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಒಳಗೊಂಡ ಗರ್ಭಕಂಠದ ಕ್ಯಾನ್ಸರ್ ಅಧ್ಯಯನ ಆರಂಭವಾಯಿತು. ನಮ್ಮ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿರುವ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಅದರಲ್ಲಿ ಕೈಜೋಡಿಸಿತ್ತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ವೈರಾಣುವಿನ ಪರೀಕ್ಷೆಗೆ ಒಳಪಟ್ಟ ಸುಮಾರು 34 ಸಾವಿರ ಮಹಿಳೆಯರ ಗುಂಪಿನಲ್ಲಿ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ನಡೆಯದ ಸುಮಾರು 31 ಸಾವಿರದ ಗುಂಪಿನಲ್ಲಿ 64. ಒಂದೇ ಒಂದು ಸಲದ ಪರೀಕ್ಷೆ ಸಾವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿತು. ಪರೀಕ್ಷೆಯಲ್ಲಿ ವೈರಾಣು ಕಾಣದವರಲ್ಲಿ ಒಬ್ಬರೂ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ತಪಾಸಣೆ ಸಿಗದ ಆ ಹಳ್ಳಿಗಳ ಹೆಂಗಸರಿಗೆ ನ್ಯಾಯ ಸಂದಿತೇ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಎದ್ದದ್ದು ಸರಿಯೇ. ನಮ್ಮ ತಿಳಿವಳಿಕೆಗೆ ಬೆಲೆ ತೆತ್ತವರು ಅವರು.

ಈಗ ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡೋಣ. ಸಾವಿರ ಮಹಿಳೆಯರಲ್ಲಿ ಎಂಟು ವರ್ಷಕ್ಕೆ ಎರಡಾಗುತ್ತಿದ್ದ ಸಾವು, ಸ್ಥೂಲವಾಗಿ, ಒಂದಾಯಿತು. ಅದಕ್ಕಾಗಿ ಆ ಸಾವಿರದಲ್ಲಿ ಸುಮಾರು ನೂರು ಜನಕ್ಕೆ 'ಪಾಸಿಟಿವ್' ಎಂಬ ಮಾತು ಕೇಳಬೇಕಾಯಿತು. ಅವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರಲಿಲ್ಲ. ಈ ಸೋಂಕು ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಮತ್ತೊಂದು ಪರೀಕ್ಷೆ, ಕಳೆದುಕೊಂಡ ಕೂಲಿ, ಬಸ್ ಖರ್ಚು, ನಿದ್ದೆಯಿಲ್ಲದ ರಾತ್ರಿ, ಗಂಡನ ಮನೆಯವರ ಅನುಮಾನದ ನೋಟ, ಇವೆಲ್ಲ ನಿಜವಾದ ಖರ್ಚುಗಳೇ. ನಮ್ಮ ಅಭಿಪ್ರಾಯ ಕೇಳಿದರೆ, ಆ ಒಂದು ಜೀವಕ್ಕೆ ಈ ಖರ್ಚು ತಕ್ಕದ್ದು. ಆದರೆ ಮೊದಲೇ ಹೇಳಿದ್ದರೆ ಮಾತ್ರ.

ಬೇರೆ ತಪಾಸಣೆಗಳ ಲೆಕ್ಕ ಬೇರೆ. ಮುಂಬಯಿಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷಿಸಿದ ಇಪ್ಪತ್ತು ವರ್ಷಗಳ ಅಧ್ಯಯನದಲ್ಲಿ ಐವತ್ತು ದಾಟಿದವರ ಸಾವು ಸುಮಾರು ಶೇ. 30ರಷ್ಟು ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ತಿರುವನಂತಪುರದಲ್ಲಿ 1996ರಿಂದ ನಡೆದ ಬಾಯಿ ತಪಾಸಣೆಯಿಂದ ತಂಬಾಕು, ಮದ್ಯ ಬಳಸುವವರ ಬಾಯಿಕ್ಯಾನ್ಸರ್ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಮಶೇರಿ ಉಜ್ಜುವ, ಗುಟ್ಕಾ ಜಗಿಯುವ ನಮ್ಮವರು ಇದನ್ನು ಎರಡು ಸಲ ಓದಲಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠ ಈ ಮೂರರ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂಬುದು ನಮ್ಮ ಸರ್ಕಾರದ ಕ್ರಮ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಪರೀಕ್ಷಿಸಿದರೆ ಒಳ್ಳೆಯದೇ? ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಸ್ಕ್ಯಾನ್ ಮಾಡುವುದು ರೂಢಿಯಾಯಿತು. 1993ರಲ್ಲಿ ಇದ್ದದ್ದಕ್ಕಿಂತ 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಹೆಚ್ಚಿತು. ಸಾವು ಮಾತ್ರ ಇದ್ದಷ್ಟೇ ಉಳಿಯಿತು. ಎಂದೂ ತೊಂದರೆ ಕೊಡದಿದ್ದ ಗಂಟಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು, ಹಲವರು ಜೀವನವಿಡೀ ಮಾತ್ರೆ ನುಂಗುವಂತಾಯಿತು. ಹಬ್ಬದ ರಿಯಾಯಿತಿಯಲ್ಲಿ 'ಪೂರ್ತಿ ದೇಹ ತಪಾಸಣೆ' ಎಂಬ ಫಲಕ ಕಂಡಾಗ ಇದು ನೆನಪಿರಲಿ.

ಧರ್ಮಸಭೆ ಏನು ಹೇಳುತ್ತದೆ? ಜೀವ ಮತ್ತು ಆರೋಗ್ಯ ದೇವರ ವರ, ಅವನ್ನು ವಿವೇಕದಿಂದ ಕಾಪಾಡಬೇಕು ಎಂದು ಧರ್ಮೋಪದೇಶ ಗ್ರಂಥದ 2288ನೇ ಕಂಡಿಕೆ ಕಲಿಸುತ್ತದೆ. ವೈದ್ಯನನ್ನು ಗೌರವಿಸಲು ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ. ಸಾಧಾರಣ ಕ್ರಮಗಳನ್ನು ಕೈಗೊಳ್ಳುವುದು ಕರ್ತವ್ಯ, ಅತಿ ಭಾರವಾದವನ್ನು ಹೊರಲೇಬೇಕೆಂದಿಲ್ಲ ಎಂದು ಜಗದ್ಗುರು ಹನ್ನೆರಡನೇ ಪಿಯುಸ್ 1957ರಲ್ಲಿ ವೈದ್ಯರ ಮುಂದೆ ಸ್ಪಷ್ಟಪಡಿಸಿದರು. ಆದ್ದರಿಂದ ತಪಾಸಣೆ ಬೇಡವೆಂದವರು ಪಾಪ ಮಾಡಿದರೆಂದು ಯಾರೂ ಹೇಳಬಾರದು. "ದೇವರಿದ್ದಾನೆ, ನನಗೇನಾಗುತ್ತದೆ" ಎಂದು ತಳ್ಳಿಹಾಕುವುದು ಮಾತ್ರ ವಿಶ್ವಾಸವಲ್ಲ, ಸೋಮಾರಿತನ. ಸಂತ ಪೆರೆಗ್ರಿನರ ನವೇನ ಮಾಡುವವರು ಚೀಟಿ ಹಿಡಿದು ಸಾಲಿನಲ್ಲೂ ನಿಲ್ಲಬಹುದು.

ಮುಂದಿನ ಶಿಬಿರದ ಕಾಗದವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅದಕ್ಕೆ ಮೊದಲಿನ ಭಾನುವಾರ ಪೂಜೆಯ ನಂತರ ಸಿಸ್ಟರೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಪಾಸಿಟಿವ್ ಬಂದರೆ ಎಲ್ಲಿಗೆ ಹೋಗಬೇಕು, ಜೊತೆಗೆ ಯಾರು ಬರುತ್ತಾರೆ, ಖರ್ಚು ಯಾರದು ಎಂದು ಅಲ್ಲೇ ಕೇಳಿ. ಉತ್ತರ ಸಿಗುವ ತನಕ ಹೆಬ್ಬೆಟ್ಟು ಒತ್ತಬೇಡಿ. ಮೇಲೆ ಹೇಳಿದ ಆ ತಾಯಿ ಬರುವ ಮಂಗಳವಾರ ಮುಂದಿನ ಪರೀಕ್ಷೆಗೆ ಹೊರಟಿದ್ದಾರೆ, ನಮ್ಮಲ್ಲಿಬ್ಬರು ಜೊತೆಗಿರುತ್ತೇವೆ.